ಜೀರಿಗೆಯಿಂದ ವೆನಿಲಾವರೆಗೆ: ಕೆಂಜೋ ಜಂಗಲ್ ಎಲಿಫೆಂಟ್, ವರ್ಷಗಟ್ಟಲೆ ಬಳಸಿದ ಮೇಲೆ

ಅಂಗಡಿಯಲ್ಲಿ ಕಾಗದದ ಪಟ್ಟಿಗೆ ಹಾಕಿಸಿ, ಒಮ್ಮೆ ಮೂಸಿ, ಬೇಕು ಬೇಡ ಅಂತ ತೀರ್ಮಾನ ಮಾಡುವ ಸೆಂಟು ಇದಲ್ಲ. ಹಾಗೆ ಮೂಸಿದವರು ಮುಖ ಸಿಂಡರಿಸಿ ಪಕ್ಕದ ಬಾಟಲಿಗೆ ಕೈ ಹಾಕುವುದನ್ನು ನೋಡಿದ್ದೇನೆ. ಅವರದ್ದು ತಪ್ಪಲ್ಲ. ಶುರುವಿಗೇ ಜೀರಿಗೆ ಬಂದು ಎದುರು ನಿಲ್ಲುತ್ತದೆ. ಆ ಜೀರಿಗೆ ಕರಗುವ ತನಕ ಕಾಯುವ ವ್ಯವಧಾನ ಇದ್ದವರಿಗೆ ಮಾತ್ರ ಈ ಪರ್ಫ್ಯೂಮ್.

ಪ್ಯಾರಿಸ್‌ನ ಫ್ಯಾಷನ್ ಕಂಪನಿ ಕೆಂಜೋದವರು ಇದನ್ನು ಹೆಂಗಸರಿಗಾಗಿ ತಂದದ್ದು 1996ರಲ್ಲಿ. ಮಾಡಿದವರು ಡೊಮಿನಿಕ್ ರೋಪಿಯಾನ್, ಜಿವಾನ್ಶಿ ಕಂಪನಿಯ ಅಮರೀಜ್ ಸೆಂಟು ಕೂಡ ಅವರದ್ದೇ ಕೈಕೆಲಸ. ಅದಕ್ಕೂ ಮೊದಲು, 1992ರಲ್ಲಿ, ಮುಗ್ಲೇರ್ ಕಂಪನಿಯ ಏಂಜೆಲ್ ಅನ್ನುವ ಸೆಂಟು ಬಂದು ಸಿಹಿತಿಂಡಿಯ ಘಮವನ್ನೂ ಮೈಗೆ ಹಚ್ಚಬಹುದು ಅಂತ ತೋರಿಸಿತ್ತು. ಆಮೇಲೆ ಸಕ್ಕರೆ ಸೆಂಟುಗಳಿಗೆ ಲೆಕ್ಕವಿಲ್ಲ. ಇದೂ ಸಿಹಿಯೇ, ಆದರೆ ಮಸಾಲೆ ಡಬ್ಬಿಯ ಮೂಲಕ ಬರುವ ಸಿಹಿ. ಹೆಸರಿನ ಹಿಂದೆಯೂ ಒಂದು ಕಥೆ ಇದೆ. ಈ ಕಂಪನಿ ಕಟ್ಟಿದ, ಜಪಾನಿನಿಂದ ಪ್ಯಾರಿಸ್‌ಗೆ ಬಂದ ಕೆಂಜೋ ತಕಾಡಾ 1970ರಲ್ಲಿ ಮೊದಲ ಬಟ್ಟೆ ಅಂಗಡಿ ತೆರೆದಾಗ ಗೋಡೆ ತುಂಬಾ ಕಾಡಿನ ಚಿತ್ರ ಬಿಡಿಸಿದ್ದರು. ಅಂಗಡಿಯ ಹೆಸರಲ್ಲೂ ಜಂಗಲ್ ಇತ್ತು. ಬಾಟಲಿಯ ಮುಚ್ಚಳದ ಮೇಲಂತೂ ಆನೆಯೇ ನಿಂತಿದೆ. ನನ್ನ ಅಲ್ಮೆರಾದಲ್ಲಿ ಅದನ್ನು ಕಂಡ ಮಕ್ಕಳೆಲ್ಲ ಆಟದ ಸಾಮಾನು ಅಂದುಕೊಂಡು ಕೇಳಿದ್ದಾರೆ.

ಹಚ್ಚಿದ ತಕ್ಷಣ ಬರುವುದು ಮ್ಯಾಂಡರಿನ್ ಕಿತ್ತಳೆ. ಸಿಪ್ಪೆ ಸುಲಿಯುವಾಗ ಮೂಗಿಗೆ ಚಿಮ್ಮುತ್ತದಲ್ಲ, ಅದು. ಕಿತ್ತಳೆ ಎಣ್ಣೆಯಲ್ಲಿ ಹೆಚ್ಚಿನ ಪಾಲು ಲಿಮೋನಿನ್, ಅದು ಬೇಗ ಆರಿಹೋಗುವ ವಸ್ತು. ಹಾಗಾಗಿ ಕೆಲವೇ ನಿಮಿಷ. ಅಷ್ಟರಲ್ಲಿ ಏಲಕ್ಕಿ, ಲವಂಗ, ಜೀರಿಗೆ ಮೂರೂ ಒಟ್ಟೊಟ್ಟಿಗೆ ನುಗ್ಗುತ್ತವೆ. ಏಲಕ್ಕಿ ತಣ್ಣಗಿರುತ್ತದೆ, ಸ್ವಲ್ಪ ಕರ್ಪೂರದ ಛಾಯೆ. ಲವಂಗದ ಘಾಟಿಗೆ ಕಾರಣ ಯೂಜೆನಾಲ್. ಹಲ್ಲಿನ ಡಾಕ್ಟರ ಕ್ಲಿನಿಕ್ ನೆನಪಾದರೆ ಆಶ್ಚರ್ಯಪಡಬೇಡಿ, ಅಲ್ಲಿನ ವಾಸನೆಯಲ್ಲೂ ಇರುವುದು ಅದೇ.

ಇನ್ನು ಜೀರಿಗೆ. ಸೆಂಟಿನಲ್ಲಿ ಜೀರಿಗೆ ಸೇರಿದರೆ ಬೆವರಿನ ವಾಸನೆ ಬರುತ್ತದೆ ಅಂತ ಪಶ್ಚಿಮದ ಪರ್ಫ್ಯೂಮ್ ಪ್ರಿಯರಲ್ಲಿ ಹಳೆಯ ದೂರು. ನಮ್ಮ ಮೂಗಿಗೆ ಹಾಗೆ ಅನ್ನಿಸುವುದು ಕಮ್ಮಿ. ನಮ್ಮ ತೊಂದರೆ ಬೇರೆ, ನಮಗೆ ಅದು ಅಡುಗೆಮನೆ. ನಾನು ಇದನ್ನು ಹಚ್ಚಿಕೊಂಡು ಹಾಲ್‌ಗೆ ಬಂದಾಗ ಅಮ್ಮ ಕೇಳಿದ್ದು, "ಎಂತದು ಮಾರಾಯ್ತಿ, ಸಾರಿನ ಪುಡಿ ಹುರಿದು ಬಂದೆಯಾ?" ದುಡ್ಡು ಕೊಟ್ಟು ತಂದದ್ದಕ್ಕೆ ಇಂಥ ಮಾತು ಕೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ, ಅಲ್ವಾ? ಅರ್ಧ ಗಂಟೆ ಬಿಟ್ಟು ಅವರೇ ನನ್ನ ಕೈ ಎಳೆದು ಮೂಸಿದರು. ಏನೂ ಹೇಳಲಿಲ್ಲ, ಇನ್ನೊಮ್ಮೆ ಮೂಸಿದರು.

ಆ ಅರ್ಧ ಗಂಟೆಯಲ್ಲಿ ಆಗುವುದು ಇದು: ಮಸಾಲೆ ಪೂರ್ತಿ ಹೋಗುವುದಿಲ್ಲ, ಹಿಂದೆ ಸರಿಯುತ್ತದೆ. ಇಲಾಂಗ್ ಇಲಾಂಗ್ ಹೂವು ಮೇಲೇಳುತ್ತದೆ. ಸೀತಾಫಲದ ಕುಟುಂಬಕ್ಕೆ ಸೇರಿದ ಮರದ ಹೂವು ಅದು, ದಪ್ಪ ಹಳದಿ ಘಮ. ಜೊತೆಗೆ ಜೇಷ್ಠಮಧು, ಆಮೇಲೆ ಮಾವು. ಮಾವು ಅಂದ ತಕ್ಷಣ ಬಾದಾಮಿ, ರಸಪುರಿ ನೆನೆಯಬೇಡಿ, ನಿರಾಸೆ ಆಗುತ್ತದೆ. ಇದು ಬಿಸಿಲಿಗೆ ಹರವಿ ಪದರ ಪದರವಾಗಿ ಒಣಗಿಸಿದ ಮಾಂಬಳದ ಹಾಗೆ, ಸಿಹಿ, ಗಾಢ, ಕೊಂಚ ಹುಳಿ. ನನಗೆ ಇಡೀ ಸೆಂಟಿನಲ್ಲಿ ಇಷ್ಟವಾದ ಹೊತ್ತು ಇದೇ. ಜೀರಿಗೆಯೂ ಇಲ್ಲಿ ಬೇಕು ಅಂತ ಆಗ ಗೊತ್ತಾಗುತ್ತದೆ. ಅದಿಲ್ಲದಿದ್ದರೆ ಇದು ಸುಮ್ನೆ ಇನ್ನೊಂದು ಹಣ್ಣಿನ ಸೆಂಟಾಗುತ್ತಿತ್ತು.

ಮಧ್ಯಾಹ್ನ ಕಳೆದ ಮೇಲೆ ವೆನಿಲಾ, ಜೊತೆಗೆ ಪಚೋಲಿ ಅನ್ನುವ ಗಿಡದ ಎಲೆಯ ಘಮ. ಒಣ ಎಲೆ, ಮಣ್ಣು, ಅದರ ಮೇಲೆ ಸಿಹಿ. ಇವು ನಿಧಾನವಾಗಿ ಆರುವ ಭಾರದ ವಸ್ತುಗಳು, ಅದಕ್ಕೇ ಬಹಳ ಹೊತ್ತು ಉಳಿಯುತ್ತವೆ, ಮೈಗಿಂತ ಬಟ್ಟೆಯಲ್ಲಿ ಇನ್ನೂ ಜಾಸ್ತಿ. ಉಣ್ಣೆಯ ಶಾಲಿನಲ್ಲಿ ಮರುದಿನವೂ ಇರುತ್ತದೆ. ಬಿಳಿ ಬಟ್ಟೆಗೆ, ರೇಷ್ಮೆ ಸೀರೆಗೆ ನೇರ ಹೊಡೆಯಬೇಡಿ, ಬಣ್ಣದ ದ್ರವ, ಕಲೆ ನಿಂತರೆ ಕಷ್ಟ.

ಎಷ್ಟು ಹಚ್ಚಬೇಕು? ಒಂದೇ ಒಂದು ಸ್ಪ್ರೇ. ನಮ್ಮ ಮೂಗು ನಮ್ಮದೇ ವಾಸನೆಗೆ ಬೇಗ ಒಗ್ಗಿಬಿಡುತ್ತದೆ. ಹೋಯಿತು ಅಂದುಕೊಂಡು ಮತ್ತೆ ಹೊಡೆದರೆ ಆಫೀಸಿನ ಲಿಫ್ಟಿನಲ್ಲಿ ನಿಮಗಿಂತ ಮೊದಲು ಅದು ಇಳಿಯುತ್ತದೆ. ಕರಾವಳಿಯ ಏಪ್ರಿಲ್, ಮೇ ತಿಂಗಳಲ್ಲಿ ನಾನು ಮುಟ್ಟುವುದೇ ಇಲ್ಲ. ಸೆಕೆಗೆ ಎಲ್ಲವೂ ಒಟ್ಟಿಗೇ ಎದ್ದು ಬರುತ್ತದೆ, ಬಿಚ್ಚಿಕೊಳ್ಳುವ ಆಟವೇ ಇರುವುದಿಲ್ಲ. ಮಳೆಗಾಲದ ಸಂಜೆ, ಬೆಂಗಳೂರಿನ ಡಿಸೆಂಬರ್, ಚಳಿಯ ಊರಿನ ಮದುವೆ, ಇವಕ್ಕೆ ಸರಿ. ತಲೆಗೆ ಶಂಕರಪುರ ಮಲ್ಲಿಗೆ ಮುಡಿದ ದಿನ ಮಾತ್ರ ಬೇಡ. ಎರಡೂ ಜಗಳಕ್ಕೆ ನಿಲ್ಲುತ್ತವೆ, ಮಲ್ಲಿಗೆ ಸೋಲುತ್ತದೆ, ನನಗದು ಇಷ್ಟವಿಲ್ಲ.

ಲವಂಗ, ದಾಲ್ಚಿನ್ನಿಯಂಥವುಗಳಿಗೆ ಚರ್ಮ ಕೆರಳುವವರು ಜಾಗ್ರತೆ. ಯುರೋಪಿನ ನಿಯಮದ ಪ್ರಕಾರ ಮೈಮೇಲೆ ಉಳಿಯುವ ಸೌಂದರ್ಯವರ್ಧಕದಲ್ಲಿ ಯೂಜೆನಾಲ್ ಶೇ. 0.001 ದಾಟಿದರೆ ಪೊಟ್ಟಣದ ಮೇಲೆ ಬರೆಯಲೇಬೇಕು. ಸೆಂಟಿನ ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರ ಓದುವ ಅಭ್ಯಾಸ ಒಳ್ಳೆಯದು.

ಸುಮಾರು ವರ್ಷ ಇಟ್ಟುಕೊಂಡರೆ ಮೊದಲು ಸೊರಗುವುದು ಕಿತ್ತಳೆ. ನನ್ನ ಹಳೆಯ ಬಾಟಲಿ ತಳ ಮುಟ್ಟುವ ಹೊತ್ತಿಗೆ ಶುರುವಿನ ಆ ಚಿಮ್ಮು ಇರಲೇ ಇಲ್ಲ, ನೇರ ಮಸಾಲೆಯಿಂದಲೇ ಆರಂಭ. ವೆನಿಲಾ ಭಾಗಕ್ಕೆ ಏನೂ ಆಗಿರಲಿಲ್ಲ. ಬಚ್ಚಲಿನ ಶೆಲ್ಫು, ಬಿಸಿಲು ಬೀಳುವ ಕಿಟಕಿ ಬಿಟ್ಟು ಬಟ್ಟೆ ಅಲ್ಮೆರಾದ ಕತ್ತಲಲ್ಲಿ ಇಡಿ.

ಕೊಳ್ಳುವ ಮನಸ್ಸಿದ್ದರೆ ಬೆಳಿಗ್ಗೆ ಅಂಗಡಿಗೆ ಹೋಗಿ, ಮಣಿಕಟ್ಟಿಗೆ ಒಂದು ಸ್ಪ್ರೇ ಹಾಕಿಸಿಕೊಂಡು, ಏನೂ ಕೊಳ್ಳದೆ ಹೊರಗೆ ಬನ್ನಿ. ಕಾಫಿ ಕುಡಿದು ಬೇರೆ ಕೆಲಸ ಮುಗಿಸಿ. ಸಂಜೆ ಮನೆ ಸೇರಿದ ಮೇಲೆ ಮೂಸಿ. ಆಗಲೂ ಇಷ್ಟವಾದರೆ ಸಣ್ಣ ಬಾಟಲಿ ಸಾಕು, ಒಂದು ಸ್ಪ್ರೇ ಲೆಕ್ಕದಲ್ಲಿ ಅದೇ ಮುಗಿಯುವುದಿಲ್ಲ.