ಕಿಸಾನ್ ಕವಚ: ಹೊಲಕ್ಕೆ ಎಣ್ಣೆ ಹೊಡೆಯುವವರ ಮನೆಯವರಿಗೂ ಬೇಕಾದ ಅಂಗಿ

ನಮ್ಮದು ಹಾವೇರಿ ಕಡೆ ಬ್ಯಾಡಗಿ ಮೆಣಸಿನ ಹೊಲ. ಮುಟುರು ರೋಗ, ನುಸಿ ಅಂತ ಅಣ್ಣ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುತ್ತಲೇ ಇರುತ್ತಾನೆ. ಜಾಸ್ತಿ ಬಳಸುವುದು ಪ್ರೊಫೆನೊಫಾಸ್. ಹೊಡೆಯುವಾಗ ತೊಟ್ಟ ಬಟ್ಟೆ ಒಗೆಯುತ್ತಿದ್ದವರು ವೈನಿ, ಅಣ್ಣನ ಹೆಂಡತಿ, ಈಗ ಬಸುರಿ. ವಿಷ ಮೈಗೆ ತಾಗದಂತೆ ಕಾಯುವ ಉಡುಪು ಕಿಸಾನ್ ಕವಚ ತರಿಸಿದ್ದು ಮುಖ್ಯವಾಗಿ ಅವರ ಸಲುವಾಗಿ.

ಬೆಂಗಳೂರಿನ ಇನ್‌ಸ್ಟೆಮ್ ಸಂಶೋಧನಾ ಸಂಸ್ಥೆ ಸೆಪಿಯೊ ಹೆಲ್ತ್ ಕಂಪನಿ ಜೊತೆ ಸೇರಿ ಮಾಡಿದ್ದು ಇದು. 2024ರ ಡಿಸೆಂಬರ್‌ನಲ್ಲಿ ಬಿಡುಗಡೆಯಾಯಿತು. ಪ್ಯಾಂಟು, ಮೇಲಂಗಿ, ಮುಖಕ್ಕೆ ಮುಸುಕು. ಮೊದಲು ಅಂಗಡಿಯಿಂದ ತಂದಿದ್ದ ಪ್ಲಾಸ್ಟಿಕ್ ಕೋಟನ್ನು ಅಣ್ಣ ಸೆಕೆ ತಾಳದೆ ಬದುವಿನ ಮೇಲೆ ಬಿಚ್ಚಿಟ್ಟುಬಿಡುತ್ತಿದ್ದ. ಇದು ಬಟ್ಟೆಯೇ, ಹಾಗಾಗಿ ಪಂಪು ಖಾಲಿಯಾಗುವವರೆಗೂ ಮೈಮೇಲೆ ಇರುತ್ತದೆ. ಮೇಲೆ ಬಿದ್ದ ವಿಷವನ್ನು ಬಟ್ಟೆಯಲ್ಲಿರುವ ಆಕ್ಸೈಮ್ ಅನ್ನುವ ರಾಸಾಯನಿಕ ಅಲ್ಲೇ ಒಡೆದು ಹಾಕುತ್ತದೆ. ನನಗೆ ಬೇಕಾಗಿದ್ದದ್ದೇ ಅದು.

ಯಾಕೆಂದರೆ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಓದಿದ್ದು ತಲೆಯಲ್ಲಿ ಕೊರೆಯುತ್ತಿತ್ತು. ಪ್ರೊಫೆನೊಫಾಸ್, ಕ್ಲೋರ್‌ಪೈರಿಫಾಸ್ ಎಲ್ಲ ಆರ್ಗನೋಫಾಸ್ಫೇಟ್ ಅನ್ನುವ ಗುಂಪಿನ ಕೀಟನಾಶಕಗಳು. ನರಗಳ ಸಂದೇಶವನ್ನು ಹೊತ್ತಿಗೆ ಸರಿಯಾಗಿ ನಿಲ್ಲಿಸುವ ಕಿಣ್ವವನ್ನು ಕಟ್ಟಿಹಾಕುತ್ತವೆ. ತಲೆನೋವು, ವಾಂತಿ, ಕಣ್ಣು ಮಂಜಾಗುವುದು ಎಲ್ಲ ಅದರಿಂದಲೇ. ಇದು ನಮಗೆ ಕಾಣುವ ತೊಂದರೆ. ಕಾಣದ್ದು ಇನ್ನೊಂದಿದೆ. ನಮ್ಮ ಡಿಎನ್‌ಎ ಮೇಲೆ ಮೀಥೈಲ್ ಅನ್ನುವ ಪುಟ್ಟ ಗುರುತುಗಳಿರುತ್ತವೆ. ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಅನ್ನುವುದರಲ್ಲಿ ಇವುಗಳ ಪಾಲು ದೊಡ್ಡದು. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಈ ಗುಂಪಿನ ವಿಷಗಳು ಮೆದುಳಿನ ಇಂಥ ಗುರುತುಗಳನ್ನು ಬದಲಿಸಿದ್ದು ಕಂಡಿದೆ. ಡಿಎನ್‌ಎ ಹಾಗೇ ಇರುತ್ತದೆ, ಅದರ ನಡವಳಿಕೆ ಬೇರೆಯಾಗುತ್ತದೆ. ಮೆದುಳು ಇನ್ನೂ ಬೆಳೆಯುತ್ತಿರುವಾಗ ಇದು ಭಯ ಹುಟ್ಟಿಸುವ ವಿಷಯ, ಅಲ್ವಾ? ನ್ಯೂಯಾರ್ಕ್‌ನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದವರು 2011ರಲ್ಲಿ ಹೇಳಿದ್ದು ಮನುಷ್ಯರ ಮಕ್ಕಳ ಬಗ್ಗೆ. ಹುಟ್ಟುವಾಗ ಹೊಕ್ಕುಳಬಳ್ಳಿಯ ರಕ್ತದಲ್ಲಿ ಕ್ಲೋರ್‌ಪೈರಿಫಾಸ್ ಜಾಸ್ತಿ ಇದ್ದ ಮಕ್ಕಳು 7ನೇ ವಯಸ್ಸಿನಲ್ಲಿ ನೆನಪಿನ ಪರೀಕ್ಷೆಯಲ್ಲಿ ಹಿಂದೆ ಬಿದ್ದಿದ್ದರು.

ಮೊದಲೆಲ್ಲ ಎಣ್ಣೆ ಹೊಡೆದ ದಿನ ಅಣ್ಣ ರೊಟ್ಟಿ ಮುಟ್ಟದೆ ಮಲಗುತ್ತಿದ್ದ. ಈಗ "ತಲಿ ಹಗುರ ಐತಿ" ಅನ್ನುತ್ತಾನೆ. ಒಗೆಯುವ ಕಲ್ಲಿನ ಹತ್ತಿರ ಬರುತ್ತಿದ್ದ ಘಾಟು ಕಡಿಮೆಯಾಗಿದೆ. ಆದರೂ ವೈನಿಯನ್ನು ಆ ಕೆಲಸದಿಂದ ಬಿಡಿಸಿದ್ದೇವೆ. ಅಣ್ಣನೇ ಬೇರೆ ಬಕೆಟ್‌ನಲ್ಲಿ ಒಗೆಯುತ್ತಾನೆ. ಒಂದು ಮಾತು: ಬಾಟಲಿ ಬಗ್ಗಿಸಿ ನೀರಿಗೆ ಕಲಸುವಾಗ ವಿಷ ಗಟ್ಟಿಯಾಗಿರುತ್ತದೆ. ಆಗಲೇ ಇದನ್ನು ತೊಟ್ಟಿರಬೇಕು, ಕೈಗವಸು ಹಾಕಿರಬೇಕು.

ಬೆಲೆ ಸುಮಾರು 4000 ರೂಪಾಯಿ. ಒಗೆದು ಒಂದು ವರ್ಷದವರೆಗೆ ಬಳಸಬಹುದು ಅನ್ನುತ್ತಾರೆ. ಹೊಲ ಇರುವವರಿಗೆ ಇದು ಭಾರವಲ್ಲ, ಒಂದು ಬಾಟಲಿ ಔಷಧಿಗೇ ಎಷ್ಟು ಸುರಿಯುತ್ತೇವೆ! ಕೂಲಿಗೆ ಎಣ್ಣೆ ಹೊಡೆಯುವವರು ತಾವಾಗಿ ಕೊಳ್ಳಲಾರರು. ಅವರಿಗೆ ಹೊಲದವರೇ ಕೊಡಿಸಬೇಕು. ನಮ್ಮಲ್ಲಿಗೆ ಬರುವವರಿಗೆ ಇನ್ನೊಂದು ಜೊತೆ ತರಿಸುತ್ತಿದ್ದೇವೆ.