ನಮ್ಮ ಓಣಿಯ ಸರ್ಕಾರಿ ಕ್ಲಿನಿಕ್: ಮದ್ದು ಒಳ್ಳೆಯದು, ಹೊತ್ತು ನಮ್ಮದಲ್ಲ

ಶಿವಮೊಗ್ಗದಲ್ಲಿ ತುಂಗಾ ಹೊಳೆ ಬದಿಯ ಓಣಿ ನಮ್ಮದು. ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುತ್ತೇನೆ. ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯಲೂ ಹೋಗುತ್ತೇನೆ. ಓಣಿ ತುದಿಯ ಸರ್ಕಾರಿ ಕ್ಲಿನಿಕ್ಕಿಗೆ ಆರು ತಿಂಗಳಿಂದ ಓಡಾಡುತ್ತಿದ್ದೇನೆ.

ಮೊದಲು ಹೋಗಿದ್ದು ಸುಸ್ತಿಗೆ. ಎರಡು ಕೊಡ ನೀರು ತರುವಷ್ಟರಲ್ಲಿ ಎದೆ ಡವಡವ ಅನ್ನುತ್ತಿತ್ತು. ವಯಸ್ಸಾಯ್ತು ಅಂದುಕೊಂಡಿದ್ದೆ. ನನಗಿನ್ನೂ 36! ನರ್ಸಮ್ಮ ಕಣ್ಣಿನ ಕೆಳರೆಪ್ಪೆ ಎಳೆದು, ಗೋಡೆಯ ಕನ್ನಡಿಯಲ್ಲಿ ನನಗೂ ತೋರಿಸಿದರು. ಒಳಗೆ ಕೆಂಪೇ ಇಲ್ಲ, ಬೂದು ಬಿಳುಪು. ರಕ್ತ ಪರೀಕ್ಷೆ ಅಲ್ಲೇ ಆಯಿತು, ಒಂದು ರೂಪಾಯಿ ಕೇಳಲಿಲ್ಲ. ಹಿಮೋಗ್ಲೋಬಿನ್ 8.2. ಹೆಂಗಸರಿಗೆ 12 ಆದರೂ ಇರಬೇಕು. ನಮ್ಮ ರಾಜ್ಯದಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಹೆಂಗಸರಿಗೆ ರಕ್ತ ಕಡಿಮೆ ಇದೆ ಅಂತ ಆಶಾ ಅಕ್ಕ ಹೇಳಿದಾಗ ನನಗೆ ಹೊಟ್ಟೆ ಉರಿಯಿತು.

ಕಬ್ಬಿಣದ ಮಾತ್ರೆ ಕೊಟ್ಟರು. ಕೊಟ್ಟು ಸುಮ್ನೆ ಕಳಿಸಲಿಲ್ಲ, ಅದು ನನಗೆ ತುಂಬ ಹಿಡಿಸಿತು. ಮಲ ಕಪ್ಪಗಾಗುತ್ತೆ, ಹೆದರಬೇಡ ಅಂದರು. ಪಕ್ಕದ ಮನೆಯವಳು ಅದನ್ನು ನೋಡಿಯೇ ಗಾಬರಿಯಾಗಿ ಮಾತ್ರೆ ಬಿಟ್ಟಿದ್ದಳು. ಚಹಾದ ಜೊತೆ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ ಅಂತಲೂ ತಿಳಿಸಿದರು. ಕೆಲಸದ ಮನೆಗಳಲ್ಲಿ ನಮಗೆ ಸಿಗುವುದೇ ಚಹಾ, ಅಲ್ವಾ? ಈಗ ನಿಂಬೆಹಣ್ಣಿನ ನೀರಿನಲ್ಲಿ ನುಂಗುತ್ತೇನೆ.

ಉರಿಮೂತ್ರಕ್ಕೆ ಹೋದಾಗ ಡಾಕ್ಟರು ಕೇಳಿದ್ದು ಒಂದೇ: ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ? ಕತ್ತಲಾದ ಮೇಲೆ ಸಾರ್ವಜನಿಕ ಶೌಚಾಲಯಕ್ಕೆ ಹೋಗಲು ಭಯ. ಬಲ್ಬು ಹೋಗಿ ತಿಂಗಳಾಗಿದೆ, ಮಳೆಗಾಲದಲ್ಲಿ ದಾರಿಯೆಲ್ಲ ಕೆಸರು. ಅದಕ್ಕೇ ನಾವು ಮಧ್ಯಾಹ್ನದಿಂದಲೇ ನೀರು ಕಡಿಮೆ ಮಾಡುತ್ತೇವೆ. ಇದನ್ನು ಅವರ ಮುಂದೆ ಹೇಳಲು ನಾಚಿಕೆಯಾಯಿತು, ಯಾಕಂದರೆ ಹಿಂದೆ ಐದಾರು ಗಂಡಸರು ಸಾಲಿನಲ್ಲಿ ನಿಂತಿದ್ದರು. ಒಂದು ಪರದೆಯೂ ಇಲ್ಲ. ಬಿಳಿಸೆರಗು, ಮುಟ್ಟಿನ ತೊಂದರೆ ಇರುವವರು ಅಲ್ಲಿ ಬಾಯಿ ಬಿಡುವುದು ಹೇಗೆ?

ದೊಡ್ಡ ತೊಂದರೆ ಹೊತ್ತಿನದು. ಬೆಳಗ್ಗೆ ಬಾಗಿಲು ತೆಗೆಯುವಾಗ ನಾವು ಕೆಲಸಕ್ಕೆ ಹೋಗಿರುತ್ತೇವೆ. ವಾಪಸ್ ಬರುವಾಗ ಬೀಗ. ಮೂರು ತಿಂಗಳ ಮೇಲಿನ ರಕ್ತ ಪರೀಕ್ಷೆಗೆ ಎರಡು ಮನೆ ಕೆಲಸ ಬಿಟ್ಟು ಹೋದೆ, ಹಿಮೋಗ್ಲೋಬಿನ್ 10.9 ಬಂತು. ಖುಷಿಯಾಯಿತು, ಆದರೆ ಆ ದಿನದ ದುಡ್ಡು ಹಿಡಿದುಕೊಂಡರು. ವಾರಕ್ಕೆ ಎರಡು ದಿನ ಸಂಜೆ ಏಳರವರೆಗೆ ತೆರೆದಿಡಿ ಅಂತ ನಮ್ಮ ಓಣಿಯ ಹೆಂಗಸರೆಲ್ಲ ಅರ್ಜಿ ಬರೆಸುತ್ತಿದ್ದೇವೆ. ಹೆಬ್ಬೆಟ್ಟೂ ಸಹಿಯೂ ಸೇರಿ ಈವರೆಗೆ 41 ಆಗಿದೆ.