ಸೀಲಿಯಾಕ್ ಪ್ರತಿಕಾಯ ಪರೀಕ್ಷೆ: ಬೆಲೆಯಿರುವುದು ಎರಡು ಸಾಲಿಗೆ, ಉಳಿದದ್ದು ಪ್ಯಾಕೇಜು

ಸೀಲಿಯಾಕ್ (ಗ್ಲುಟೆನ್ ತಿಂದಾಗ ರೋಗನಿರೋಧಕ ವ್ಯವಸ್ಥೆ ಸಣ್ಣ ಕರುಳಿಗೇ ಹಾನಿ ಮಾಡುವ ರೋಗ) ಮುಂತಾದ ಕರುಳಿನ ಆಟೋಇಮ್ಯೂನ್ ತೊಂದರೆಗಳನ್ನು ಪತ್ತೆಹಚ್ಚಲೆಂದು ಲ್ಯಾಬುಗಳು ಮಾರುವ ದೊಡ್ಡ ಪ್ಯಾಕೇಜೊಂದನ್ನು ಮಾಡಿಸಿಕೊಂಡ ಮೇಲೆ, ಅದರಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ, ಯಾವುದು ಬರೀ ಪುಟ ತುಂಬಿಸುತ್ತದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ತೋಳಿನಿಂದ ಒಂದಿಷ್ಟು ರಕ್ತ ಕೊಟ್ಟರಾಯಿತು, ಉಪವಾಸವಿರಬೇಕಾಗಿಲ್ಲ. ತೊಡಕಿರುವುದೆಲ್ಲ ಸೂಜಿ ಚುಚ್ಚುವ ಮುಂಚೆ ಮತ್ತು ರಿಪೋರ್ಟು ಕೈಗೆ ಬಂದ ಮೇಲೆ.

ಈ ಪ್ಯಾಕೇಜಿನ ಜೀವಾಳ ಟಿಟಿಜಿ-ಐಜಿಎ, ಅಂದರೆ ಟಿಷ್ಯೂ ಟ್ರಾನ್ಸ್‌ಗ್ಲುಟಾಮಿನೇಸ್ ಎಂಬ ಕಿಣ್ವದ ವಿರುದ್ಧ ದೇಹವೇ ತಯಾರಿಸುವ ಐಜಿಎ ವರ್ಗದ ಪ್ರತಿಕಾಯಗಳ ಅಳತೆ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಪೂರ್ತಿ ಜೀರ್ಣವಾಗದೆ ಉಳಿದಾಗ, ಅದರ ತುಣುಕುಗಳನ್ನು ಸಣ್ಣ ಕರುಳಿನ ಗೋಡೆಯಲ್ಲಿ ಈ ಕಿಣ್ವ ಮಾರ್ಪಡಿಸುತ್ತದೆ; ಎಚ್‌ಎಲ್‌ಎ-ಡಿಕ್ಯೂ2 ಅಥವಾ ಡಿಕ್ಯೂ8 ಎಂಬ ಜೀನ್ ಮಾದರಿ ಇರುವವರಲ್ಲಿ ಕೆಲವರ ರೋಗನಿರೋಧಕ ವ್ಯವಸ್ಥೆ ಆ ತುಣುಕುಗಳ ಮೇಲೂ, ತನ್ನದೇ ಕಿಣ್ವದ ಮೇಲೂ ತಿರುಗಿಬೀಳುತ್ತದೆ. ಕಿಣ್ವವೇ ಗುರಿಯೆಂದು 1997ರಲ್ಲಿ ಗೊತ್ತಾದ ಮೇಲೆ ಪರೀಕ್ಷೆಯ ಸ್ವರೂಪವೇ ಬದಲಾಯಿತು. ಅದಕ್ಕೂ ಹಿಂದಿನ, ಗ್ಲುಟೆನ್‌ನ ಒಂದು ಭಾಗವಾದ ಗ್ಲಯಾಡಿನ್ ವಿರುದ್ಧದ ಪ್ರತಿಕಾಯ ಪರೀಕ್ಷೆ ರೋಗವಿಲ್ಲದವರನ್ನೂ ಆಗಾಗ ಪಾಸಿಟಿವ್ ಎಂದು ತೋರಿಸುತ್ತಿತ್ತು. ಆ ಹಳೆಯ ಪರೀಕ್ಷೆಯನ್ನು ಈಗಲೂ ಪಟ್ಟಿಯಲ್ಲಿಟ್ಟುಕೊಂಡಿರುವ ಪ್ಯಾಕೇಜಿಗೆ ನಾನು ಅಂಕ ಕಳೆಯುತ್ತೇನೆ.

ಎರಡನೆಯ ಸಾಲು ಒಟ್ಟು ಐಜಿಎ ಪ್ರಮಾಣ. ಕೆಲವರ ದೇಹದಲ್ಲಿ ಹುಟ್ಟಿನಿಂದಲೇ ಐಜಿಎ ಬಹಳ ಕಡಿಮೆಯಿರುತ್ತದೆ. ಸೀಲಿಯಾಕ್ ರೋಗಿಗಳಲ್ಲಿ ಇಂಥವರು ಸುಮಾರು ಶೇ. 2ರಿಂದ 3ರಷ್ಟು. ಅವರಲ್ಲಿ ಟಿಟಿಜಿ-ಐಜಿಎ ನೆಗೆಟಿವ್ ಬಂದರೆ ಅದಕ್ಕೆ ಅರ್ಥವೇ ಇಲ್ಲ, ಐಜಿಜಿ ಎಂಬ ಇನ್ನೊಂದು ವರ್ಗದ ಪ್ರತಿಕಾಯ ಅಳೆಯುವ ಪರೀಕ್ಷೆಗಳ ಮೊರೆಹೋಗಬೇಕಾಗುತ್ತದೆ. ಪುಟಗಟ್ಟಲೆ ಅಂಕಿಗಳಿದ್ದ ನನ್ನ ರಿಪೋರ್ಟಿನಲ್ಲಿ ಈ ಒಂದು ಅಂಕಿ ಮಾತ್ರ ಇರಲಿಲ್ಲ. ಕೇಳಿದಾಗ ‘ಅದು ಬೇರೆ ಟೆಸ್ಟ್’ ಎಂಬ ಉತ್ತರ ಬಂತು, ಮತ್ತೆ ಹಣ ಕಟ್ಟಿ ಮಾಡಿಸಬೇಕಾಯಿತು. ಅಪರೂಪದ ಪ್ರತಿಕಾಯಗಳನ್ನೆಲ್ಲ ಸೇರಿಸಿ, ಮೂಲ ಪರೀಕ್ಷೆಯನ್ನು ನಂಬಲು ಬೇಕಾದುದನ್ನೇ ಬಿಡುವುದು ಎಂಥ ಲೆಕ್ಕಾಚಾರವೋ!

ಇದಕ್ಕಿಂತ ದೊಡ್ಡ ಲೋಪ ಫಾರ್ಮಿನಲ್ಲಿದೆ. ವಯಸ್ಸು, ಔಷಧಿಗಳು, ಕೊನೆಯ ಊಟದ ಸಮಯ ಎಲ್ಲಕ್ಕೂ ಜಾಗವಿತ್ತು. ‘ಸದ್ಯ ಗ್ಲುಟೆನ್ ತಿನ್ನುತ್ತಿದ್ದೀರಾ’ ಎಂಬ ಪ್ರಶ್ನೆ ಎಲ್ಲೂ ಇರಲಿಲ್ಲ. ಗ್ಲುಟೆನ್ ಬಿಟ್ಟ ಮೇಲೆ ಈ ಪ್ರತಿಕಾಯಗಳು ವಾರ, ತಿಂಗಳುಗಳಲ್ಲಿ ಇಳಿಯುತ್ತಾ ಹೋಗುವುದರಿಂದ, ಹೊಟ್ಟೆ ಹಗುರಾಯಿತೆಂದು ತಾವಾಗಿಯೇ ಪಥ್ಯ ಹಿಡಿದು ಬಹುಕಾಲದ ನಂತರ ಬಂದವರಿಗೆ ರೋಗವಿದ್ದೂ ರಿಪೋರ್ಟು ಶುದ್ಧವಾಗಿ ಬರಬಹುದು. ಅಂಥವರು ವೈದ್ಯರ ಸಲಹೆಯಂತೆ ಕೆಲವು ವಾರ ಮತ್ತೆ ಗ್ಲುಟೆನ್ ತಿಂದು ಪರೀಕ್ಷಿಸಿಕೊಳ್ಳಬೇಕಾಗುತ್ತದೆ, ಅದು ಹಿತವಾದ ಕೆಲಸವಲ್ಲ. ಫಾರ್ಮಿನಲ್ಲಿ ಒಂದು ಗೆರೆ ಹೆಚ್ಚು ಮುದ್ರಿಸಿದ್ದರೆ ಎಷ್ಟೋ ಜನರಿಗೆ ಇದು ತಪ್ಪುತ್ತಿತ್ತು.

ಎಂಡೊಮೈಸಿಯಲ್ ಪ್ರತಿಕಾಯ ಪರೀಕ್ಷೆಯ ಬಗ್ಗೆ ಮಾತ್ರ ನನಗೆ ಗೌರವವಿದೆ. ಕೋತಿಯ ಅನ್ನನಾಳದ ಅಥವಾ ಮನುಷ್ಯರ ಹೊಕ್ಕುಳಬಳ್ಳಿಯ ತೆಳು ಸೀಳಿನ ಮೇಲೆ ರೋಗಿಯ ಸೀರಮ್ ಹಾಕಿ, ಅದು ಹೊಳೆಯುತ್ತದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ನೋಡುವ ಈ ವಿಧಾನ ಸುಳ್ಳು ಪಾಸಿಟಿವ್ ಕೊಡುವುದು ಬಹಳ ಕಡಿಮೆ. ಆದರೆ ನೋಡುವ ತಂತ್ರಜ್ಞರು ಪಳಗಿದವರಾಗಿರಬೇಕು. ಟಿಟಿಜಿ ಅಲ್ಪಸ್ವಲ್ಪ ಮಾತ್ರ ಏರಿದ್ದಾಗ ಇದು ಹೆಚ್ಚು ನೆರವಾಗುತ್ತದೆ, ಏಕೆಂದರೆ ಟೈಪ್ 1 ಮಧುಮೇಹ, ಯಕೃತ್ತಿನ ಕಾಯಿಲೆಗಳಿರುವವರಲ್ಲೂ ಅಂಥ ಸಣ್ಣ ಏರಿಕೆ ಕಾಣಿಸಿಕೊಳ್ಳುವುದುಂಟು. ಇದು ಗೊತ್ತಿಲ್ಲದವರನ್ನು ರಿಪೋರ್ಟಿನಲ್ಲಿ ದಪ್ಪಕ್ಷರದಲ್ಲಿರುವ ‘ಪಾಸಿಟಿವ್’ ವಿನಾಕಾರಣ ಹೆದರಿಸುತ್ತದೆ. ಓದಬೇಕಾದದ್ದು ಆ ಪದವನ್ನಲ್ಲ, ಮೇಲ್ಮಿತಿಗಿಂತ ಎಷ್ಟು ಪಟ್ಟು ಹೆಚ್ಚಿದೆ ಎಂಬುದನ್ನು. ಯುರೋಪಿನ ಮಕ್ಕಳ ಜಠರಕರುಳು ತಜ್ಞರ ಸಂಘದ 2020ರ ಮಾರ್ಗಸೂಚಿಯ ಪ್ರಕಾರ, ಮಗುವಿನ ಟಿಟಿಜಿ-ಐಜಿಎ ಮೇಲ್ಮಿತಿಯ ಹತ್ತು ಪಟ್ಟು ಅಥವಾ ಅದಕ್ಕೂ ಹೆಚ್ಚಿದ್ದು, ಇನ್ನೊಂದು ರಕ್ತಮಾದರಿಯಲ್ಲಿ ಎಂಡೊಮೈಸಿಯಲ್ ಪ್ರತಿಕಾಯವೂ ಕಂಡರೆ, ಬಯಾಪ್ಸಿಯಿಲ್ಲದೆಯೇ ರೋಗವನ್ನು ಖಚಿತಪಡಿಸಬಹುದು. ವಯಸ್ಕರಲ್ಲಿ ಸಾಮಾನ್ಯವಾಗಿ ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಮೊದಲ ಭಾಗವಾದ ಡುವೊಡಿನಮ್‌ನಿಂದ ಹಲವು ತುಣುಕು ತೆಗೆದು ನೋಡುವುದೇ ರೂಢಿ.

ಉಳಿದ ಸಾಲುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಸ್ಕಾ, ಪಿ-ಆಂಕಾ ಎಂಬ ಎರಡು ಪ್ರತಿಕಾಯಗಳು ಕರುಳಿನ ಉರಿಯೂತದ ರೋಗಗಳಾದ ಕ್ರೋನ್ಸ್ ಮತ್ತು ಅಲ್ಸರೇಟಿವ್ ಕೊಲೈಟಿಸ್ ಕಡೆಗೆ ಬೆರಳು ತೋರಿಸುತ್ತವೆಯೇ ಹೊರತು ಅವನ್ನು ನಿರ್ಧರಿಸಲಾರವು. ಆ ಅನುಮಾನವಿದ್ದರೆ ಮಲದ ಕ್ಯಾಲ್‌ಪ್ರೊಟೆಕ್ಟಿನ್ (ಕರುಳಿನ ಉರಿಯೂತ ತೋರಿಸುವ ಪ್ರೋಟೀನ್) ಪರೀಕ್ಷೆ ಮತ್ತು ಕೊಲೊನೋಸ್ಕೋಪಿಯೇ ದಾರಿ. ಕರುಳಿನ ಒಳಪದರದ ಕೋಶಗಳ ವಿರುದ್ಧದ ಎಂಟೆರೊಸೈಟ್ ಪ್ರತಿಕಾಯದ ಪರೀಕ್ಷೆ ಬೇಕಾಗುವುದು ತೀರಾ ಅಪರೂಪದ ಆಟೋಇಮ್ಯೂನ್ ಎಂಟೆರೋಪತಿಯಲ್ಲಿ, ಅಲ್ಲೂ ಬಯಾಪ್ಸಿಯ ಜೊತೆಗೇ. ಎಚ್‌ಎಲ್‌ಎ ಪರೀಕ್ಷೆ ನೆಗೆಟಿವ್ ಬಂದರೆ ಸೀಲಿಯಾಕ್ ಬಹುತೇಕ ಇಲ್ಲವೆಂದೇ ಅರ್ಥ, ಪಾಸಿಟಿವ್ ಬಂದರೆ ಏನೂ ಸಾಬೀತಾಗುವುದಿಲ್ಲ. ಜೊತೆಗೆ ಉಚಿತವೆಂಬಂತೆ ಸೇರಿಸುವ ಆಹಾರ ಐಜಿಜಿ ಪಟ್ಟಿ ಬೇಡವೇ ಬೇಡ. ಆರೋಗ್ಯವಂತರೂ ತಿಂದ ಆಹಾರಕ್ಕೆ ಐಜಿಜಿ ತಯಾರಿಸುತ್ತಾರೆ.

ರೋಗ ಖಚಿತವಾಗಿ ಪಥ್ಯ ಶುರುವಾದವರಿಗೆ ಇದೇ ಟಿಟಿಜಿ-ಐಜಿಎ ಮುಂದೆಯೂ ಬೇಕಾಗುತ್ತದೆ. ಅಂಕಿ ಇಳಿಯದಿದ್ದರೆ ಎಲ್ಲೋ ಗ್ಲುಟೆನ್ ನುಸುಳುತ್ತಿದೆಯೆಂಬ ಅನುಮಾನ ಸಹಜ, ಆದರೆ ಇಳಿದ ಮಾತ್ರಕ್ಕೆ ಕರುಳಿನ ಒಳಪದರ ಪೂರ್ತಿ ಚೇತರಿಸಿಕೊಂಡಿತೆನ್ನಲಾಗದು. ಕಿಟ್‌ನಿಂದ ಕಿಟ್‌ಗೆ ಯೂನಿಟ್ಟೂ ಮೇಲ್ಮಿತಿಯೂ ಬದಲಾಗುವುದರಿಂದ, ಮೊದಲು ಮಾಡಿಸಿದ ಲ್ಯಾಬಿನಲ್ಲೇ ಮುಂದಿನ ಪರೀಕ್ಷೆಗಳನ್ನೂ ಮಾಡಿಸಿ, ಪ್ಯಾಕೇಜಾಗಿ ಅಲ್ಲ, ಆ ಒಂದನ್ನೇ ಬಿಡಿಯಾಗಿ ಕೇಳಿ.